ಆಡದೆ ಸಿಕ್ಕ ಸ್ಥಾನ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವ ಅಭ್ಯಾಸ ನಮಗಿಲ್ಲ. ಮೆಟ್ರಿಕ್ಕಿನವರೆಗೆ ಓದಿ ಮಿಲ್ಲಿನ ಹಾಜರಿ ಖಾತೆಗೆ ಸೇರಿದವರು ನಾವು. ಬಂದವರ ಹೆಸರಿನ ಮುಂದೆ ಒಂದು ಗುರುತು, ಬಾರದವರ ಹೆಸರಿನ ಮುಂದೆ ಇನ್ನೊಂದು ಗುರುತು ಹಾಕುವುದು ನಮ್ಮ ದಿನದ ಕೆಲಸ. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿ, ಪುಸ್ತಕಗಳ ಲೆಕ್ಕ ಬರೆದು, ದೀಪ ಆರಿಸಿ ಬೀಗ ಹಾಕುವುದು ನಮ್ಮ ಸೇವೆ. ಇಂಥವರನ್ನು ಈ ಮೇಜಿನ ಮುಂದೆ ನಿಲ್ಲಿಸಿದ ಹೊಣೆ ತಮ್ಮದು. ತಪ್ಪಿದ್ದರೆ ತಿದ್ದಿಕೊಂಡು ಕೇಳಬೇಕಾಗಿ ಪ್ರಾರ್ಥನೆ.

ಈ ಭಾಷಣ ಹುಟ್ಟಿದ್ದು ಒಂದು ಜಗಳದಿಂದ. ಹೋದ ತಿಂಗಳು ಒಂದು ರಾತ್ರಿ ಪತ್ರಿಕೆಯ ಕ್ರೀಡಾಪುಟದ ಸುತ್ತ ಏಳೆಂಟು ಮಂದಿ ಸೇರಿದ್ದರು. ಕಾಲ್ಚೆಂಡಿನ ಮಾತು ಬಂತು. ಹೊಟೇಲಿನಲ್ಲಿ ಕೆಲಸ ಮಾಡುವ ನಮ್ಮ ತರುಣ ಮಿತ್ರರೊಬ್ಬರು, “1950ರ ವಿಶ್ವಕಪ್ಪಿಗೆ ನಮ್ಮವರಿಗೆ ಕರೆ ಬಂದಿತ್ತು ಮಾರಾಯ್ರೆ. ಬೂಟು ಇಲ್ಲವೆಂದು ಸೇರಿಸಲಿಲ್ಲವಂತೆ” ಎಂದರು. ಮೂಲೆಯಲ್ಲಿ ಕುಳಿತಿದ್ದ, ಹಿಂದೆ ರಾತ್ರಿ ಶಾಲೆಯಲ್ಲಿ ಪಾಠ ಹೇಳಿದ ಮಾಸ್ತರರು ಕನ್ನಡಕ ತೆಗೆದು, “ಹಾಗೆಂದು ಯಾರು ಹೇಳಿದರಪ್ಪಾ?” ಎಂದು ಕೇಳಿದರು. “ಎಲ್ಲರೂ ಹೇಳುವುದು ಹಾಗೆಯೇ ಅಲ್ಲವಾ ಮಾಸ್ತರ್ರೇ?” ಎಂದು ಉತ್ತರ ಬಂತು. “ಎಲ್ಲರೂ ಎಂಬುವರ ವಿಳಾಸ ಕೊಡು, ನಾನೇ ಹೋಗಿ ಕೇಳಿ ಬರುತ್ತೇನೆ” ಎಂದು ಮಾಸ್ತರರು ಹೇಳಿದಾಗ ನಗೆಯೆದ್ದಿತು. ಮಾತು ಮಾತ್ರ ತೀರ್ಮಾನವಾಗಲಿಲ್ಲ. ಓದಿ ನೋಡಿ ಸಭೆಗೆ ವರದಿ ಒಪ್ಪಿಸುವ ಕೆಲಸ ನಮ್ಮ ತಲೆಗೆ ಬಂತು. ಓದುತ್ತ ಹೋದಂತೆ ಬೂಟಿನ ಕಥೆಗಿಂತ ದೊಡ್ಡ ಕಥೆಯೊಂದು ಅಲ್ಲಿದೆಯೆಂದು ತೋರಿತು. ಅದನ್ನೇ ಈಗ ಹೇಳುತ್ತೇವೆ.

ಆಟದ ಪರಿಚಯವಿಲ್ಲದವರಿಗಾಗಿ ಮೊದಲು ಎರಡು ಮಾತು. ವಿಶ್ವಕಪ್ಪಿನ ಕೂಟಕ್ಕೆ ಲೋಕದ ಎಲ್ಲ ದೇಶಗಳನ್ನೂ ಒಂದೇ ಬಾರಿಗೆ ಕರೆದರೆ ಮೈದಾನ ಸಾಲದು, ದಿನಗಳೂ ಸಾಲವು. ಆದುದರಿಂದ ಮುಂಚಿತವಾಗಿ ದೇಶಗಳನ್ನು ಚಿಕ್ಕ ಚಿಕ್ಕ ಗುಂಪುಗಳನ್ನಾಗಿ ಮಾಡುತ್ತಾರೆ. ಇದಕ್ಕೆ ಅರ್ಹತಾ ಗುಂಪು ಎಂದು ಹೆಸರು. ಸಾಮಾನ್ಯವಾಗಿ ಗುಂಪಿನೊಳಗೆ ಒಬ್ಬೊಬ್ಬರೂ ಉಳಿದವರೊಡನೆ ತಮ್ಮ ಊರಿನಲ್ಲಿ ಒಂದು ಸಲ, ಅವರ ಊರಿನಲ್ಲಿ ಒಂದು ಸಲ ಆಡಬೇಕು. ಈಗ ಗೆದ್ದರೆ 3 ಅಂಕ, ಸರಿಸಮವಾದರೆ 1, ಸೋತರೆ ಸೊನ್ನೆ. 1950ರ ಕಾಲದಲ್ಲಿ ಗೆಲುವಿಗೆ 2 ಅಂಕವೇ ಇತ್ತು. ಅಂಕಗಳು ಸಮವಾದರೆ ಹೊಡೆದ ಗೋಲು, ತಿಂದ ಗೋಲುಗಳ ಲೆಕ್ಕ ನೋಡುತ್ತಾರೆ. ಮೇಲೆ ನಿಂತವರು ಮುಂದಕ್ಕೆ, ಕೆಳಗೆ ಉಳಿದವರು ಮನೆಗೆ. ನಮ್ಮ ಹಾಜರಿ ಪುಸ್ತಕದಷ್ಟೇ ಸರಳವಾದ ಲೆಕ್ಕ ಇದು. ಆದರೆ ಗುಂಪಿನವರು ಬಾರದೆ ಹೋದರೆ? ಆಗ ಬಂದವರಿಗೆ ಆಡದೆಯೇ ಸ್ಥಾನ ಸಿಗುತ್ತದೆ. ನಮ್ಮ ಕಥೆ ಇರುವುದು ಇಲ್ಲೇ.

ವಿಶ್ವಕಪ್ಪು 1930ರಲ್ಲಿ ಉರುಗ್ವೆಯಲ್ಲಿ ಮೊದಲಾಯಿತು. 1934ರಲ್ಲಿ ಇಟಲಿಯಲ್ಲಿ, 1938ರಲ್ಲಿ ಫ್ರಾನ್ಸಿನಲ್ಲಿ ನಡೆಯಿತು. ಆಮೇಲೆ ಮಹಾಯುದ್ಧ ಬಂದು 12 ವರ್ಷ ಕಪ್ಪು ನಿಂತಿತು. ನಾಲ್ಕನೆಯ ಕೂಟ 1950ರ ಜೂನ್ 24ರಿಂದ ಜುಲೈ 16ರವರೆಗೆ ಬ್ರೆಜಿಲಿನಲ್ಲಿ ಏರ್ಪಟ್ಟಿತು. ಒಟ್ಟು 16 ಸ್ಥಾನಗಳು. ಅತಿಥೇಯ ಬ್ರೆಜಿಲಿಗೆ ಒಂದು, ಹಿಂದಿನ ವಿಜೇತ ಇಟಲಿಗೆ ಒಂದು. ಉಳಿದ 14 ಸ್ಥಾನಗಳಿಗೆ ಹತ್ತು ಅರ್ಹತಾ ಗುಂಪುಗಳು. ಹತ್ತನೆಯ ಗುಂಪು ಏಷ್ಯದ್ದು. ಅದರಲ್ಲಿ ಬರ್ಮಾ, ಇಂಡೊನೇಷ್ಯ, ಫಿಲಿಪ್ಪೀನ್ಸ್ ಮತ್ತು ನಮ್ಮ ಭಾರತ. ನಾಲ್ವರಲ್ಲಿ ಒಬ್ಬರಿಗೆ ಸ್ಥಾನ.

ಆ ಗುಂಪಿನಲ್ಲಿ ಒಂದು ಪಂದ್ಯವೂ ನಡೆಯಲಿಲ್ಲ. ಬರ್ಮಾ ಹಿಂದೆ ಸರಿಯಿತು, ಇಂಡೊನೇಷ್ಯ ಹಿಂದೆ ಸರಿಯಿತು, ಫಿಲಿಪ್ಪೀನ್ಸೂ ಹಿಂದೆ ಸರಿಯಿತು. ಉಳಿದದ್ದು ಭಾರತವೊಂದೇ. ಗಣರಾಜ್ಯವಾಗಿ ಆರು ತಿಂಗಳೂ ತುಂಬದ ನಮ್ಮ ದೇಶಕ್ಕೆ ಒಂದು ಚೆಂಡನ್ನೂ ಒದೆಯದೆ ವಿಶ್ವಕಪ್ಪಿನ ಬಾಗಿಲು ತೆರೆಯಿತು. ಕೂಟದ ಮೂರನೆಯ ಗುಂಪಿನಲ್ಲಿ ಇಟಲಿ, ಸ್ವೀಡನ್, ಪರಾಗ್ವೆಗಳ ಜೊತೆಗೆ ಭಾರತದ ಹೆಸರು ಬರೆಯಲ್ಪಟ್ಟಿತು. ಪ್ರಯಾಣದ ವೆಚ್ಚದ ಬಹುಭಾಗವನ್ನು ಬ್ರೆಜಿಲಿನವರೇ ಭರಿಸಲು ಸಿದ್ಧರಿದ್ದರು.

ಭಾರತ ಹೋಗಲಿಲ್ಲ.

ಮೂರನೆಯ ಗುಂಪಿನಲ್ಲಿ ಮೂವರೇ ಆಡಿದರು. ಸ್ವೀಡನ್ ಇಟಲಿಯನ್ನು 3–2ರಿಂದ ಸೋಲಿಸಿತು. ಪರಾಗ್ವೆಯೊಡನೆ 2–2 ಸಮ ಮಾಡಿಕೊಂಡಿತು. ಇಟಲಿ ಪರಾಗ್ವೆಯನ್ನು 2–0ರಿಂದ ಗೆದ್ದರೂ ಪ್ರಯೋಜನವಾಗಲಿಲ್ಲ. ಸ್ವೀಡನ್ ಮುಂದೆ ಹೋಯಿತು. ಆ ಪಟ್ಟಿಯಲ್ಲಿ ಭಾರತದ ಎದುರಿಗೆ ಗೆಲುವೂ ಇಲ್ಲ, ಸೋಲೂ ಇಲ್ಲ. ಹಾಜರಿ ಬರೆಯುವವರಿಗೆ ಖಾಲಿ ಮನೆಯ ಅರ್ಥ ಚೆನ್ನಾಗಿ ಗೊತ್ತು. ತಡವಾಗಿ ಬಂದವನಿಗೆ ಏನಾದರೂ ಬರೆಯಬಹುದು, ಬಾರದವನಿಗೆ ಏನನ್ನೂ ಬರೆಯಲಾಗುವುದಿಲ್ಲ.

ಈಗ ಬೂಟಿನ ಕಥೆಗೆ ಬರೋಣ. ನಮ್ಮವರು ಬರಿಗಾಲಿನಲ್ಲಿ ಆಡುತ್ತಿದ್ದುದು ಸುಳ್ಳಲ್ಲ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ, ಇಲ್ಫೋರ್ಡ್ ಎಂಬಲ್ಲಿ, ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಆಡಿತು. ನಾಯಕರು ಮುಂದೆ ವೈದ್ಯರಾದ ತಾಲಿಮೆರೆನ್ ಆವ್. ಹೆಚ್ಚಿನ ಆಟಗಾರರ ಕಾಲಿನಲ್ಲಿ ಬೂಟು ಇರಲಿಲ್ಲ. ಸಾರಂಗಪಾಣಿ ರಾಮನ್ ಅವರು ಗೋಲು ಹೊಡೆದು ಸಮ ಮಾಡಿದರು. ಎರಡು ಪೆನಾಲ್ಟಿ ಒದೆತಗಳು ವ್ಯರ್ಥವಾದವು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಸೋತರೂ ಅಲ್ಲಿಯ ಜನ ನಮ್ಮವರ ಆಟವನ್ನು ಮೆಚ್ಚಿಕೊಂಡರು. ಆ ಕಾಲದ ನಮ್ಮ ದೊಡ್ಡ ಆಟಗಾರರಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಒಬ್ಬರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಮುಂಚೂಣಿಯಲ್ಲಿ ಆಡಿದ ಐವರಿಗೆ ಅಲ್ಲಿಯವರು ಪಂಚಪಾಂಡವರೆಂದೇ ಹೆಸರಿಟ್ಟಿದ್ದರು. ಆ ಐವರಲ್ಲಿ ಅವರೂ ಒಬ್ಬರು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮ್ಮಂಥವರಿಗೆ, ಪರಸ್ಥಳದಲ್ಲಿ ಹೆಸರು ಮಾಡಿದ ಬೆಂಗಳೂರಿನವರ ನೆನಪು ಬರುವುದು ಸಹಜವಲ್ಲವೇ?

ಬರಿಗಾಲಿನ ಕಾರಣದಿಂದಲೇ ಬಾಗಿಲು ಮುಚ್ಚಿದರೆಂಬುದು ಜನಜನಿತ ಮಾತು. ಆದರೆ ಮರು ವರ್ಷ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನಾಯಕರಾಗಿದ್ದ ಶೈಲೇನ್ ಮನ್ನಾ ಅವರೇ ಬಹಳ ವರ್ಷಗಳ ಮೇಲೆ ಇದನ್ನು ಒಪ್ಪಲಿಲ್ಲ. ಆ ದಿನಗಳಲ್ಲಿ ನಮಗೆ ಒಲಿಂಪಿಕ್ಸೇ ಸರ್ವಸ್ವವಾಗಿತ್ತು, ವಿಶ್ವಕಪ್ಪಿನ ಬೆಲೆ ನಮ್ಮವರಿಗೆ ತಿಳಿದಿರಲಿಲ್ಲ ಎಂಬುದು ಅವರ ಮಾತಿನ ಸಾರ. ನಮ್ಮ ಫುಟ್‌ಬಾಲ್ ಮಂಡಳಿ ಅಂದು ಕೊಟ್ಟ ಕಾರಣವಾದರೂ ಅಭ್ಯಾಸಕ್ಕೆ ಕಾಲ ಸಾಲದು, ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ ಎಂಬುದು. ನಾವು ಇನ್ನೊಂದು ಮಾತನ್ನೂ ಕೂಡಿಸುತ್ತೇವೆ. 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿಯೂ ನಮ್ಮ ಹಲವರು ಬರಿಗಾಲಿನಲ್ಲಿಯೇ ಆಡಿದರು. ಬೂಟಿಲ್ಲದವರನ್ನು ಲೋಕದ ಮೈದಾನಗಳಿಂದ 1950ರಲ್ಲೇ ಹೊರಗಿಟ್ಟಿದ್ದರೆ ಎರಡು ವರ್ಷಗಳ ಮೇಲೆ ಅಲ್ಲಿ ಆಡಿದ್ದು ಹೇಗೆ?

ಹಾಗೆಂದು ಅಂದಿನವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ನಮ್ಮ ಉದ್ದೇಶವಲ್ಲ. ಬ್ರೆಜಿಲ್ ಎಂದರೆ ಭೂಮಿಯ ಇನ್ನೊಂದು ಮಗ್ಗುಲು. ದೇಶ ಹೊಸದು, ವಿದೇಶೀ ಹಣಕ್ಕೆ ಅಭಾವ. ಕಪ್ಪು ನಿಂತು 12 ವರ್ಷವಾಗಿತ್ತು. ಮುಂದೆ ಅದು ಇಷ್ಟು ದೊಡ್ಡದಾದೀತೆಂದು ಯಾರಿಗೆ ಗೊತ್ತಿತ್ತು? ಹೋಗದೆ ಉಳಿದವರು ನಾವೊಬ್ಬರೇ ಅಲ್ಲ. ಸ್ಕಾಟ್ಲೆಂಡಿನವರು, “ನಾವು ಬ್ರಿಟನ್ನಿನ ಗುಂಪಿನಲ್ಲಿ ಮೊದಲಿಗರಾದರೆ ಮಾತ್ರ ಬರುತ್ತೇವೆ” ಎಂದು ಹಟ ಹಿಡಿದು, ಇಂಗ್ಲೆಂಡಿಗೆ 1–0ರಿಂದ ಸೋತು, ಎರಡನೆಯ ಸ್ಥಾನಕ್ಕೆ ಸಿಕ್ಕ ಅವಕಾಶವನ್ನು ಬಿಟ್ಟರು. ತುರ್ಕಿಯವರು ಸಿರಿಯವನ್ನು 7–0ರಿಂದ ಸೋಲಿಸಿ ಸ್ಥಾನ ಪಡೆದೂ ಹೋಗಲಿಲ್ಲ. ಫ್ರಾನ್ಸಿನವರನ್ನು ಕರೆದಾಗ ಮೊದಲು ಒಪ್ಪಿ, ಒಂದು ಊರಿನಿಂದ ಇನ್ನೊಂದು ಊರಿಗೆ ಮೂರು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಅಲೆಯಬೇಕೆಂದು ತಿಳಿದು ಬಿಟ್ಟುಬಿಟ್ಟರು. ಹೀಗೆ 16ರ ಕೂಟದಲ್ಲಿ ಆಡಿದವರು 13 ಮಂದಿಯೇ.

ಹೋದವರ ಮಾತನ್ನೂ ಕೇಳಬೇಕು. 1949ರ ಮೇ 4ರಂದು ಇಟಲಿಯ ತುರಿನ್ ಬಳಿಯ ಸುಪೆರ್ಗಾ ಬೆಟ್ಟಕ್ಕೆ ವಿಮಾನ ಬಡಿದು ತೊರಿನೊ ಕ್ಲಬ್ಬಿನ ತಂಡ ಪೂರ್ತಿ ನಾಶವಾಯಿತು. ಇಟಲಿಯ ರಾಷ್ಟ್ರೀಯ ತಂಡದ ಬೆನ್ನೆಲುಬೇ ಆ ಕ್ಲಬ್ಬು. ಅಂಥ ದುಃಖದ ಮರು ವರ್ಷ, ವಿಮಾನ ಹತ್ತಲು ಮನಸ್ಸು ಬಾರದೆ, ಇಟಲಿಯವರು ಹಡಗಿನಲ್ಲಿ ಸಮುದ್ರ ದಾಟಿ ಬ್ರೆಜಿಲಿಗೆ ಹೋದರು. ಮೊದಲ ಸುತ್ತಿನಲ್ಲಿಯೇ ಸೋತು ಹೊರಬಿದ್ದರು. ಆದರೆ ಹೋದರು.

ಈಗ ಈ ಭಾಷಣದ ಮುಖ್ಯ ಮಾತಿಗೆ ಬರುತ್ತೇವೆ. ಜಗಳದ ರಾತ್ರಿ ಇನ್ನೊಬ್ಬ ಮಿತ್ರರು ಹೇಳಿದ್ದರು: “ಆಡದೆ ಸಿಕ್ಕ ಸ್ಥಾನ, ಹೋಗಿದ್ದರೂ ಮರ್ಯಾದೆ ಏನಿತ್ತು? ಬೇರೆಯವರು ಬಿಟ್ಟದ್ದನ್ನು ಎತ್ತಿಕೊಂಡ ಹಾಗೆ.” ಈ ಮಾತು ನಮ್ಮನ್ನು ಬಹಳ ಕಾಡಿತು. ಏಕೆ ಕಾಡಿತೆಂಬುದನ್ನು ಕಡೆಯಲ್ಲಿ ಹೇಳುತ್ತೇವೆ. ಉತ್ತರ ಮಾತ್ರ ಅದೇ 1950ರ ಪಟ್ಟಿಯಲ್ಲಿಯೇ ಸಿಕ್ಕಿತು.

ದಕ್ಷಿಣ ಅಮೆರಿಕದ ಏಳನೆಯ ಗುಂಪಿನಲ್ಲಿ ಅರ್ಜೆಂಟೀನ ಹಿಂದೆ ಸರಿದ ಕಾರಣ ಬೊಲಿವಿಯ, ಚಿಲಿಗಳಿಗೆ ಆಡದೆಯೇ ಸ್ಥಾನ ಸಿಕ್ಕಿತು. ಎಂಟನೆಯ ಗುಂಪಿನಲ್ಲಿ ಈಕ್ವೆಡಾರ್, ಪೆರು ಹಿಂದೆ ಸರಿದವು. ಅಲ್ಲಿ ಆಡದೆಯೇ ಮುಂದೆ ಬಂದವರು ಪರಾಗ್ವೆ ಮತ್ತು ಉರುಗ್ವೆ. ಅಷ್ಟೇ ಅಲ್ಲ, ಕೂಟದ ನಾಲ್ಕನೆಯ ಗುಂಪಿನಲ್ಲಿ ಎರಡು ಸ್ಥಾನಗಳು ಖಾಲಿ ಉಳಿದ ಕಾರಣ ಉರುಗ್ವೆಗೆ ಎದುರಾಳಿಯಾಗಿ ಸಿಕ್ಕಿದ್ದು ಬೊಲಿವಿಯವೊಂದೇ. ಒಂದೇ ಪಂದ್ಯ, 8–0 ಗೆಲುವು. ಕಡೆಯ ನಾಲ್ವರ ಸುತ್ತಿಗೆ ಉರುಗ್ವೆ ಸೇರಿತು. ಅರ್ಹತೆಗಾಗಿ ಒಂದು ಪಂದ್ಯವನ್ನೂ ಆಡದೆ, ಮೊದಲ ಸುತ್ತಿನಲ್ಲಿ ಒಂದೇ ಪಂದ್ಯ ಆಡಿ ಅಲ್ಲಿ ನಿಂತ ಈ ಉರುಗ್ವೆಯೇ 1950ರ ಜುಲೈ 16ರಂದು ರಿಯೊ ನಗರದ ಮರಕಾನಾ ಮೈದಾನದಲ್ಲಿ, ಅಪಾರ ಜನಸ್ತೋಮದ ಎದುರಿಗೆ, ಬ್ರೆಜಿಲನ್ನು 2–1ರಿಂದ ಸೋಲಿಸಿ ಕಪ್ಪನ್ನು ಎತ್ತಿತು!

ಬಂಧುಗಳೇ, ಉರುಗ್ವೆಗೆ ಸ್ಥಾನ ಸಿಕ್ಕ ರೀತಿಯೂ ಭಾರತಕ್ಕೆ ಸಿಕ್ಕ ರೀತಿಯೂ ಒಂದೇ. ಇಬ್ಬರ ಗುಂಪಿನಲ್ಲಿಯೂ ಎದುರಾಳಿಗಳು ಹಿಂದೆ ಸರಿದರು. ಒಬ್ಬರು ಹೋದರು, ಒಬ್ಬರು ಹೋಗಲಿಲ್ಲ. ಬಾಗಿಲು ಹೇಗೆ ತೆರೆಯಿತೆಂದು ಉರುಗ್ವೆಯನ್ನು ಇಂದು ಯಾರೂ ಕೇಳುವುದಿಲ್ಲ. ಹೌದು, ಉರುಗ್ವೆ ಬ್ರೆಜಿಲಿನ ನೆರೆಯ ದೇಶ, ಹಿಂದೊಮ್ಮೆ ಕಪ್ಪು ಗೆದ್ದ ದೇಶ. ನಮಗೂ ಅವರಿಗೂ ಹೋಲಿಕೆ ಸಲ್ಲದೆಂದು ಮಾಸ್ತರರು ಹೇಳಬಹುದು. ಒಪ್ಪುತ್ತೇವೆ. ಆಡದೆ ಬಂದ ಬೊಲಿವಿಯ 8 ಗೋಲು ತಿಂದದ್ದನ್ನೂ ಒಪ್ಪುತ್ತೇವೆ. ನಮ್ಮವರೂ ಹಾಗೆಯೇ ಸೋಲುತ್ತಿದ್ದರೇನೋ.

ಆದರೆ ಸೋಲಿನಿಂದ ಏನಾಗುತ್ತದೆಂಬುದನ್ನೂ ನಮ್ಮ ತಂಡವೇ ತೋರಿಸಿಕೊಟ್ಟಿದೆ. 1951ರ ಮಾರ್ಚಿನಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಸಾಹು ಮೇವಾಲಾಲರ ಗೋಲಿನಿಂದ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದೆವು. ಬರಿಗಾಲೇ ಸಾಕೆಂಬ ಧೈರ್ಯ ಬಂದಿರಬೇಕು. ಮರು ವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮಗೆ 10 ಗೋಲು ಹೊಡೆಯಿತು. ನಮ್ಮ ಕಡೆಯ ಒಂದೇ ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಆ 10–1ರ ಪೆಟ್ಟು ತಗಲಿದ ಮೇಲೆ ನಮ್ಮ ಮಂಡಳಿ ಬೂಟನ್ನು ಕಡ್ಡಾಯ ಮಾಡಿತು. ಹತ್ತು ಭಾಷಣಗಳಿಂದ ಆಗದ ಕೆಲಸ ಹತ್ತು ಗೋಲುಗಳಿಂದ ಆಯಿತು.

ಅದರ ಫಲವನ್ನೂ ನೋಡಿರಿ. 1956ರಲ್ಲಿ ಮೆಲ್ಬೋರ್ನ್ ಒಲಿಂಪಿಕ್ಸಿಗೆ ಹೈದರಾಬಾದಿನ ರಹೀಮರ ತರಬೇತಿಯಲ್ಲಿ ನಮ್ಮವರು ಹೋದರು. ಮೊದಲ ಸುತ್ತಿನ ಎದುರಾಳಿ ಹಂಗೇರಿ, ಹಂಗೇರಿ ಬರಲಿಲ್ಲ. ಮತ್ತೆ ಆಡದೆ ಸಿಕ್ಕ ಸ್ಥಾನ! ಈ ಸಲ ನಮ್ಮವರು ಅದನ್ನು ಬಿಡಲಿಲ್ಲ. ಮುಂದಿನ ಸುತ್ತಿನಲ್ಲಿ ಅತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿದರು. ಮೂರು ಗೋಲುಗಳನ್ನು ನೆವಿಲ್ ಡಿಸೋಜ ಒಬ್ಬರೇ ಹೊಡೆದರು. ಆಮೇಲೆ ಯುಗೊಸ್ಲಾವಿಯಕ್ಕೆ 4–1ರಿಂದ, ಬಲ್ಗೇರಿಯಕ್ಕೆ 3–0ರಿಂದ ಸೋತು ನಾಲ್ಕನೆಯ ಸ್ಥಾನದಲ್ಲಿ ನಿಂತರು. ಒಲಿಂಪಿಕ್ಸಿನಲ್ಲಿ ಭಾರತದ ಕಾಲ್ಚೆಂಡಾಟಕ್ಕೆ ಸಿಕ್ಕ ಅತ್ಯುಚ್ಚ ಸ್ಥಾನ ಅದು. ಹಂಗೇರಿ ಬಾರದ್ದರಿಂದ ಸಿಕ್ಕಿತೆಂದು ಅದನ್ನು ಯಾರಾದರೂ ಕಡಿಮೆ ಮಾಡಿ ಹೇಳುತ್ತಾರೆಯೇ?

ಆಡದೆ ಬರುವುದಕ್ಕೆ ಮುಂದೆ ಒಂದು ಕಟ್ಟು ಬಿತ್ತು. 1958ರ ಕೂಟಕ್ಕಾಗಿ ಏಷ್ಯ–ಆಫ್ರಿಕಗಳ ಗುಂಪಿನಲ್ಲಿ ಇಸ್ರೇಲಿನ ಎದುರು ತುರ್ಕಿ, ಇಂಡೊನೇಷ್ಯ, ಸುಡಾನ್ ಒಂದಾದ ಮೇಲೊಂದು ಆಡದೆ ಹಿಂದೆ ಸರಿದವು. ಅತಿಥೇಯರೂ ಹಿಂದಿನ ವಿಜೇತರೂ ಅಲ್ಲದವರು ಒಂದು ಪಂದ್ಯವನ್ನಾದರೂ ಆಡದೆ ಬರಕೂಡದೆಂದು ಜಾಗತಿಕ ಮಂಡಳಿ ನಿಯಮ ಮಾಡಿತ್ತು. ಆದುದರಿಂದ ಬೇರೆ ಗುಂಪುಗಳಲ್ಲಿ ಎರಡನೆಯವರಾಗಿ ಉಳಿದವರ ಹೆಸರುಗಳಿಂದ ಚೀಟಿ ಎತ್ತಿ ವೇಲ್ಸಿಗೆ ಅವಕಾಶ ಕೊಟ್ಟರು. ಸೋತು ಮನೆಯಲ್ಲಿ ಕುಳಿತಿದ್ದ ವೇಲ್ಸ್ ಎದ್ದು ಬಂತು. 1958ರ ಜನವರಿಯಲ್ಲಿ ಟೆಲ್ ಅವೀವಿನಲ್ಲಿ 2–0, ಫೆಬ್ರವರಿ 5ರಂದು ಕಾರ್ಡಿಫಿನಲ್ಲಿ 2–0 ಗೆದ್ದಿತು. ಸ್ವೀಡನ್ನಿನ ಕೂಟದಲ್ಲಿ ಕಡೆಯ ಎಂಟರವರೆಗೆ ಹೋಗಿ, 17 ವರ್ಷದ ಪೆಲೆ ಹೊಡೆದ ಒಂದೇ ಗೋಲಿನಿಂದ ಬ್ರೆಜಿಲಿಗೆ ಸೋತಿತು. ಚೀಟಿಯಲ್ಲಿ ಬಂದವರೆಂದು ವೇಲ್ಸಿನವರು ನಾಚಿಕೊಂಡು ಮನೆಯಲ್ಲೇ ಉಳಿಯಲಿಲ್ಲ.

ನಮ್ಮ ವಿಷಯ ಏನಾಯಿತು? 1954ರ ಕೂಟಕ್ಕೆ ಭಾರತ ಕಳುಹಿಸಿದ ಪ್ರವೇಶ ಅಂಗೀಕಾರವಾಗಲಿಲ್ಲ. ಆಮೇಲೆ ವಿಶ್ವಕಪ್ಪಿನ ಅರ್ಹತಾ ಗುಂಪಿನಲ್ಲಿ ನಾವು ನಿಜವಾಗಿ ಕಾಲಿಟ್ಟದ್ದು 1985ರಲ್ಲಿ, ಇಂಡೊನೇಷ್ಯ, ಥಾಯ್ಲೆಂಡ್, ಬಾಂಗ್ಲಾದೇಶಗಳ ಜೊತೆಗೆ. ಇಂಡೊನೇಷ್ಯ ಮುಂದೆ ಹೋಯಿತು. 1950ರಲ್ಲಿ ನಮಗೆ ದಾರಿ ಬಿಟ್ಟವರಲ್ಲಿ ಅವರೂ ಒಬ್ಬರೆಂಬುದನ್ನು ನೆನೆಯಿರಿ. 35 ವರ್ಷದಲ್ಲಿ ಸಾಲು ಎಷ್ಟು ಬದಲಾಗಿತ್ತು!

2026ರ ಕೂಟದ ಅರ್ಹತಾ ಗುಂಪನ್ನು ತಾವೇ ಕಂಡಿದ್ದೀರಿ. ಕೂಟವನ್ನು 48 ತಂಡಗಳಿಗೆ ಹಿಗ್ಗಿಸಿ ಏಷ್ಯಕ್ಕೆ ನೇರವಾಗಿ 8 ಸ್ಥಾನ ಕೊಟ್ಟರು. ನಮ್ಮ ಗುಂಪಿನಲ್ಲಿ ಕತಾರ್, ಕುವೈತ್, ಅಫಘಾನಿಸ್ತಾನ. ಇಬ್ಬರಿಗೆ ಮುಂದಿನ ಸುತ್ತು. 2023ರ ನವೆಂಬರಿನಲ್ಲಿ ಕುವೈತಿನಲ್ಲಿ 1–0 ಗೆದ್ದಾಗ ಇಲ್ಲಿ ಪೇಢೆ ಹಂಚಿದವರು ಈ ಸಭೆಯಲ್ಲಿದ್ದಾರೆ. 2024ರ ಮಾರ್ಚಿನಲ್ಲಿ ಗುವಾಹಾಟಿಯಲ್ಲಿ ಅಫಘಾನಿಸ್ತಾನಕ್ಕೆ 2–1ರಿಂದ ಸೋತೆವು. ಜೂನ್ 6ರಂದು ಕಲ್ಕತ್ತೆಯಲ್ಲಿ, ಸುನಿಲ್ ಛೇತ್ರಿಯವರ ವಿದಾಯದ ಪಂದ್ಯವೆಂದು ಸಾರಿದ್ದ ದಿನ, ಕುವೈತಿನೊಡನೆ ಗೋಲಿಲ್ಲದೆ ಸಮವಾಯಿತು. ಜೂನ್ 11ರಂದು ದೋಹಾದಲ್ಲಿ ಕತಾರಿನ ಎದುರು ನಾವು ಒಂದು ಗೋಲು ಮುಂದಿದ್ದೆವು. ಗೆರೆ ದಾಟಿದ ಚೆಂಡನ್ನು ಒಳಕ್ಕೆಳೆದು ಹೊಡೆದ ಗೋಲನ್ನು ಮಾನ್ಯ ಮಾಡಿದರೆಂದು ನಮ್ಮವರು ದೂರು ಕೊಟ್ಟರು; 2–1ರಿಂದ ಸೋತದ್ದು ಸೋತಂತೆಯೇ ಉಳಿಯಿತು. ಗೆದ್ದಿದ್ದರೆ ನಮಗೆ 8 ಅಂಕ. ಎರಡನೆಯವರಾದ ಕುವೈತಿಗೆ 7. ನಮಗೆ ಉಳಿದದ್ದು 5. ಆ ರಾತ್ರಿ ಇಲ್ಲಿ ಎಷ್ಟು ಮಂದಿ ನಿದ್ದೆಯಿಲ್ಲದೆ ಮರುದಿನದ ಪಾಳಿಗೆ ಹೋದರೆಂಬುದು ನಮ್ಮ ಹಾಜರಿ ಪುಸ್ತಕಕ್ಕೆ ಗೊತ್ತು. ನೋವಾಯಿತು, ನಿಜ. ಆದರೆ ಅದು ಆಡಿ ಸೋತ ನೋವು. ಎಲ್ಲಿ ತಪ್ಪಿತು, ಯಾವ ನಿಮಿಷದಲ್ಲಿ ತಪ್ಪಿತು ಎಂದು ಹೇಳಬಹುದು. 1950ರ ನೋವಿಗೆ ಅಂಥ ನಿಮಿಷವೇ ಇಲ್ಲ. ಅದಕ್ಕೇ ಅಲ್ಲಿ ಕಥೆ ಹುಟ್ಟಿಕೊಂಡಿತು.

ಬೂಟಿನ ಕಥೆ ಇಷ್ಟು ವರ್ಷ ಬದುಕಿದ್ದೇಕೆ? ನಮಗೆ ತೋಚಿದ ಕಾರಣ ಇದು. “ಬೂಟಿಲ್ಲವೆಂದು ಸೇರಿಸಲಿಲ್ಲ” ಎಂದರೆ ತಪ್ಪು ಬೇರೆಯವರದಾಗುತ್ತದೆ, ಬಡತನಕ್ಕೆ ಒಂದು ಗೌರವವೂ ಬರುತ್ತದೆ. “ಕರೆದಿದ್ದರು, ನಾವೇ ಹೋಗಲಿಲ್ಲ” ಎಂಬುದು ಗಂಟಲಲ್ಲಿ ಇಳಿಯುವುದಿಲ್ಲ. ಇದು ನಮಗೆ ಹೇಗೆ ಗೊತ್ತು? ಇಂಥದೇ ಕಥೆಯೊಂದನ್ನು ನಾವೇ ಕಟ್ಟಿ ಬಹಳ ವರ್ಷ ಹೇಳಿಕೊಂಡು ಬಂದಿದ್ದೇವೆ. ಇಂದು ಬಿಚ್ಚಿ ಹೇಳುತ್ತೇವೆ, ಕ್ಷಮಿಸಬೇಕು.

ನಮಗಾಗ 19 ವರ್ಷ. ಊರು ಗದಗಿನ ಕಡೆಯ ಹಳ್ಳಿ. ಒಂದು ಕಚೇರಿಯ ಗುಮಾಸ್ತೆ ಹುದ್ದೆಗೆ ಪರೀಕ್ಷೆ ಬರೆದಿದ್ದೆವು. ನೇಮಕವಾದವರ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಮೂರನೆಯದಾಗಿ ಬಂತು. ಎಂಟು ತಿಂಗಳ ಮೇಲೆ ಒಂದು ಕಾಗದ ಬಂತು. ಮೇಲಿನ ಇಬ್ಬರು ಬೇರೆ ಕೆಲಸಕ್ಕೆ ಹೋದ ಕಾರಣ ನಿಮ್ಮ ಸರದಿ ಬಂದಿದೆ, ಇಂಥ ದಿನ ಸರ್ಟಿಫಿಕೇಟುಗಳೊಡನೆ ಹಾಜರಾಗತಕ್ಕದ್ದು ಎಂದಿತ್ತು. ಇನ್ನೂ ಒಂಬತ್ತು ದಿನ ಉಳಿದಿದ್ದವು. ಅಪ್ಪ, “ಕರದಾರಂದ್ರ ಹೋಗಬೇಕಪಾ, ಹೋಗಿ ಬಾ” ಎಂದರು. ನಮ್ಮ ಕಾಲಿಗೆ ಇದ್ದದ್ದು ಸವೆದ ಚಪ್ಪಲಿ. ಬಸ್ಸಿನ ಹಣ ಸಾಲ ಸಿಗುತ್ತಿತ್ತು, ಬೂಟೂ ಯಾರಿಂದಲಾದರೂ ಸಿಗುತ್ತಿತ್ತು. ಆದರೆ ಮನಸ್ಸಿನಲ್ಲಿ ಒಂದೇ ಮಾತು: ಇದು ನಾವು ಗೆದ್ದದ್ದಲ್ಲ, ಇಬ್ಬರು ಬಿಟ್ಟು ಹೋದದ್ದು. ಅಲ್ಲಿಯವರು ನಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ನಕ್ಕರೆ? ದಿನ ಕಳೆಯಿತು. ನಾವು ಹೋಗಲಿಲ್ಲ.

ಕೇಳಿದವರಿಗೆಲ್ಲ “ಕಾಗದ ತಡವಾಗಿ ಬಂತು” ಎಂದೆವು. ಊರವರು ನಂಬಿದರು. ಅಪ್ಪನೂ ದಿನದ ಲೆಕ್ಕ ತಪ್ಪಿರಬೇಕೆಂದುಕೊಂಡರು. ಎಲ್ಲರೂ ಅಂಚೆಯವರನ್ನು ಬೈದರು. ಆ ಮನುಷ್ಯ ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಬಂದು ಕಾಗದವನ್ನು ಒಂಬತ್ತು ದಿನ ಮುಂಚೆ ನಮ್ಮ ಕೈಯಲ್ಲಿಯೇ ಕೊಟ್ಟವರು. ಒಂದು ದಿನ ಕೆರೆಯ ದಾರಿಯಲ್ಲಿ ಸೈಕಲ್ ನಿಲ್ಲಿಸಿ, “ತಮ್ಮಾ, ನಿನ್ನ ಕಾಗದ ನಾ ತಡಾ ಮಾಡೇನೇನು?” ಎಂದು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ನಾವು ತಲೆ ತಗ್ಗಿಸಿ ನಿಂತೆವು. ಅವರು ಇನ್ನೇನೂ ಕೇಳದೆ ಹೊರಟುಹೋದರು. ಆ ವರ್ಷವೇ ನಾವು ಊರು ಬಿಟ್ಟು ಇಲ್ಲಿಯ ಮಿಲ್ಲಿಗೆ ಬಂದೆವು. ಊರಲ್ಲಿ ಕೆಲಸವಿಲ್ಲವೆಂದು ಬಂದೆವೆಂದು ಇಷ್ಟು ದಿನ ಹೇಳಿದ್ದೆವು. ಅಂಚೆಯವರ ಮುಖ ನೋಡಲಾರದೆ ಬಂದದ್ದೂ ಅಷ್ಟೇ ನಿಜ.

ಆ ಕೆಲಸದಲ್ಲಿ ನಾವು ಉದ್ಧಾರವಾಗುತ್ತಿದ್ದೆವೋ ಇಲ್ಲವೋ ಬೇರೆ ಮಾತು. ಹೋಗಿದ್ದರೆ ಅವರು ಬೇಡವೆಂದಿರಬಹುದಾಗಿತ್ತು. ಆಗ ಬೇಡವೆಂದರು ಎಂದು ನಿಜ ಹೇಳಬಹುದಾಗಿತ್ತು. ಹೋಗದವನಿಗೆ ಸುಳ್ಳು ಬೇಕಾಗುತ್ತದೆ, ಆ ಸುಳ್ಳಿಗೆ ಯಾರಾದರೊಬ್ಬ ನಿರಪರಾಧಿ ಬೇಕಾಗುತ್ತಾನೆ. ನಾವು ಕಲಿತ ಪಾಠ ಇಷ್ಟೇ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಅನೇಕರು ರಾತ್ರಿ ಓದಿ ಪರೀಕ್ಷೆಗಳನ್ನು ಬರೆಯುತ್ತಿದ್ದಾರೆ. ಕೆಲವರ ಹೆಸರು ಕಾಯುವ ಪಟ್ಟಿಯಲ್ಲಿರುವುದು ನಮಗೆ ಗೊತ್ತು. ಕರೆ ಬಂದಾಗ, “ಮೇಲಿನವರು ಬಿಟ್ಟದ್ದರಿಂದ ಬಂತು” ಎಂದು ಯಾರೂ ಸಂಕೋಚಪಡಬೇಡಿ. ಪಟ್ಟಿಯಲ್ಲಿ ಹೆಸರು ಬರೆಸಿಕೊಂಡದ್ದು ನೀವೇ. ಉರುಗ್ವೆಯೂ ಅರ್ಜಿ ಹಾಕಿತ್ತು, ಭಾರತವೂ ಹಾಕಿತ್ತು. ಹಾಕದವರಿಗೆ ಸ್ಥಾನ ಸಿಗಲಿಲ್ಲ. ಪಾಳಿ ಬದಲಾಯಿಸಿಕೊಳ್ಳುವುದು ಕಷ್ಟವಾದರೆ ಹೇಳಿರಿ, ನಮ್ಮಲ್ಲೇ ಒಬ್ಬರು ನಿಮ್ಮ ಬದಲಿಗೆ ನಿಲ್ಲುವ ಏರ್ಪಾಡು ಮಾಡೋಣ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾಸ್ತರರೂ ನಾವೂ ಇಲ್ಲಿರುತ್ತೇವೆ. ಬಂದ ಕಾಗದಗಳನ್ನು ಓದಿ ಹೇಳುತ್ತೇವೆ, ಅರ್ಜಿಗಳನ್ನು ತುಂಬಿ ಕೊಡುತ್ತೇವೆ. ಪ್ರಯಾಣದ ಹಣ ಕಡಿಮೆಬಿದ್ದರೆ ಸಹಾಯದ ಡಬ್ಬಿಯಿಂದ ಕೊಡಲು ಕಾರ್ಯಕಾರಿ ಮಂಡಳಿ ಒಪ್ಪಿದೆ. ಸಂಬಳ ಬಂದ ಮೇಲೆ ತಿರುಗಿ ಹಾಕಿದರೆ ಸಾಕು.

ಇನ್ನೊಂದು ಚಿಕ್ಕ ಮಾತು. ಪುಸ್ತಕದ ಕಪಾಟಿನ ಕೆಳಗಿನ ಅಂತಸ್ತಿನಲ್ಲಿ ಒಂದು ಜೊತೆ ಕಪ್ಪು ಬೂಟು ಇಟ್ಟಿದ್ದೇವೆ. ಎಂಟನೆಯ ಅಳತೆ, ಪಾಲಿಶು ಹಾಕಿದೆ. ಸಂದರ್ಶನಕ್ಕೆ ಹೋಗುವವರು ಪುಸ್ತಕ ಒಯ್ಯುವಂತೆಯೇ ಸಹಿ ಮಾಡಿ ಒಯ್ದು, ಮರಳಿ ತಂದಿಡಬೇಕು. ಏಳನೆಯ ಮತ್ತು ಒಂಬತ್ತನೆಯ ಅಳತೆಯದನ್ನು ಯಾರಾದರೂ ದಾನ ಮಾಡಿದರೆ ಉಪಕಾರವಾಗುತ್ತದೆ. ಇನ್ನು ಮೇಲೆ ನಮ್ಮ ವಾಚನಾಲಯದವರು ಯಾರೂ ಬೂಟಿಲ್ಲದ ಕಾರಣ ಹೋಗಲಿಲ್ಲವೆಂದು ಹೇಳುವಂತಿಲ್ಲ!